ಗೇಟಿಗೆ ಅಮ್ಮ ಇಟ್ಟ ಪರೀಕ್ಷೆ

ನಮ್ಮಮ್ಮ ಕಳ್ಳತನಕ್ಕೆ ಇಳಿದದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ. ಇಳಿಸಿದವರು ಬೇರೆ ಯಾರೂ ಅಲ್ಲ, ಅವಳ ಹೊಟ್ಟೆಯಲ್ಲಿ ಹುಟ್ಟಿದ ನಾವೇ ಇಬ್ಬರು, ಅಕ್ಕ ಮತ್ತು ನಾನು.

ಅಪ್ಪ ನಮಗೆ ಬಿಟ್ಟುಹೋದ ಆಸ್ತಿಯೆಂದರೆ ಒಂದು ಪಾರ್ಕಿಂಗ್ ಕಟ್ಟಡ. ಮೂರು ಅಂತಸ್ತು, ನೂರನಲವತ್ತು ಕಾರು ಹಿಡಿಯುತ್ತದೆ. ಎಡಕ್ಕೆ ಕಣ್ಣಿನ ಆಸ್ಪತ್ರೆ, ಬಲಕ್ಕೆ ಕೋರ್ಟು. ಕೋರ್ಟಿಗೆ ಬಂದವರು ಬೇಗ ಹೊರಡುವುದಿಲ್ಲ, ಆಸ್ಪತ್ರೆಗೆ ಬಂದವರು ಹೊರಡುವಾಗ ಕಾರು ಯಾವ ಅಂತಸ್ತಿನಲ್ಲಿದೆ ಎಂಬುದನ್ನು ಮರೆತಿರುತ್ತಾರೆ. ಹಾಗಾಗಿ ಕಟ್ಟಡ ಖಾಲಿ ಬಿದ್ದ ದಿನವೇ ಇಲ್ಲ. ಒಳಹೋಗಲು ಒಂದು ದಾರಿ, ಹೊರಬರಲು ಒಂದು ದಾರಿ, ನಡುವೆ ತಗಡಿನದೊಂದು ಬೂತು. ಅದರಲ್ಲಿ ಇಪ್ಪತ್ಮೂರು ವರ್ಷದಿಂದ ಕೂತಿದ್ದವರು ಬೂತಣ್ಣ. ಬೂತಿನಲ್ಲಿ ಕೂತದ್ದರಿಂದ ಬಂದ ಹೆಸರು ಅದು. ಕಿವಿ ಮಂದವಾದ ಕೆಲವರು ಅದನ್ನು 'ಭೂತಣ್ಣ' ಎಂದು ಕೇಳಿಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದದ್ದೂ ಉಂಟು.

ಕಾರು ಬಂದರೆ ಬೂತಣ್ಣ ಕುತ್ತಿಗೆ ಚಾಚಿ ನಂಬರು ನೋಡಿ, ಚೀಟಿಯಲ್ಲಿ ಬರೆದು, ಗೋಡೆ ಗಡಿಯಾರ ನೋಡಿ, ಅದನ್ನೂ ಬರೆದು, ಅರ್ಧ ಹರಿದು ಕೊಡುತ್ತಿದ್ದರು. ಒಂದು ಕಾರಿಗೆ ಒಂದೂವರೆ ನಿಮಿಷ. ಕೋರ್ಟು ತೆರೆಯುವ ಹೊತ್ತಿಗೆ ಸಾಲು ರಸ್ತೆಗೆ ಇಳಿದು, ಬಸ್ಸು ನಿಂತು, ವಕೀಲರು ವಕೀಲರನ್ನೇ ಬೈದುಕೊಳ್ಳುತ್ತಿದ್ದರು. ಕೊನೆಗೆ ನಗರಸಭೆಯಿಂದ ಕಾಗದ ಬಂತು. ಮೂರು ತಿಂಗಳೊಳಗೆ ತಾನೇ ತೆರೆದು ತಾನೇ ಮುಚ್ಚುವ ಗೇಟು ಹಾಕಿಸಿ, ಇಲ್ಲದಿದ್ದರೆ ನಾವೇ ಬಂದು ಮುಚ್ಚುತ್ತೇವೆ, ಮತ್ತೆ ತೆರೆಯುವುದಿಲ್ಲ.

ಎರಡು ಕಂಪನಿಗಳವರು ಬಂದರು. ಒಬ್ಬ ಟೈ ಕಟ್ಟಿದ್ದ. ಅವನದು ಕ್ಯಾಮೆರಾ. ಕಾರಿನ ನಂಬರನ್ನು ಕ್ಯಾಮೆರಾವೇ ಓದಿಕೊಂಡು ಅಡ್ಡಪಟ್ಟಿ ಎತ್ತುತ್ತದೆ, ಚೀಟಿಯ ಗೊಡವೆಯೇ ಇಲ್ಲ. ಇನ್ನೊಬ್ಬ ದಿಂಬಿನಷ್ಟು ದಪ್ಪದ ಕ್ಯಾಟಲಾಗ್ ಹೊತ್ತು ತಂದಿದ್ದ. ಅವನದು ಗುಂಡಿ ಒತ್ತಿದರೆ ಚೀಟಿ ಕೊಡುವ ಯಂತ್ರ. ಅಕ್ಕನಿಗೆ ಕ್ಯಾಮೆರಾ ಹಿಡಿಸಿತು, ನನಗೆ ಚೀಟಿ. ಚಿಕ್ಕಂದಿನಿಂದಲೂ ನಾವು ಹೀಗೆಯೇ, ಎತ್ತು ಏರಿಗೆಳೆದರೆ ಕೋಣ ನೀರಿಗೆ. ನಮ್ಮಲ್ಲಿ ಕೋಣ ಯಾರು ಎಂಬುದೂ ಇನ್ನೂ ತೀರ್ಮಾನವಾಗಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಆ ಎರಡು ಕಾಗದಗಳನ್ನು ಹರಡಿಕೊಂಡು ನಾವು ಜಗಳ ಆಡುತ್ತಿದ್ದಾಗ ಅಮ್ಮ ಕನ್ನಡಕ ಒರೆಸಿಕೊಂಡು ಹೇಳಿದಳು.

"ಬೀಗ ಮಾರೋನು ಯಾವತ್ತಾದ್ರೂ ನನ್ನ ಬೀಗ ಸರಿ ಇಲ್ಲ ಅಂತಾನಾ? ಬೀಗ ಹೆಂಗಿದೆ ಅಂತ ಕಳ್ಳನ್ನ ಕೇಳ್ಬೇಕು."

"ಕಳ್ಳನ್ನ ಎಲ್ಲಿಂದ ತರೋಣ ಅಮ್ಮ, ಪಕ್ಕದ ಕೋರ್ಟಿಂದಾನಾ?" ಎಂದಳು ಅಕ್ಕ.

"ಅಲ್ಲಿರೋರು ಸಿಕ್ಕಿಬಿದ್ದ ಕಳ್ಳರು. ಅವರು ಯಾಕೆ ಪ್ರಯೋಜನಕ್ಕೆ ಬಂದಾರು?" ಅಮ್ಮ ಕನ್ನಡಕ ಏರಿಸಿಕೊಂಡಳು. "ನಾನಿದೀನಲ್ಲ."

ನಾವಿಬ್ಬರೂ ನಕ್ಕೆವು. ಅಮ್ಮ ನಗಲಿಲ್ಲ.

ಅಮ್ಮ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಮ್ಮ. ನಿವೃತ್ತಿಯಾಗಿ ಹದಿಮೂರು ವರ್ಷವಾಗಿತ್ತು. ದಾರಿಯಲ್ಲಿ ಬಿದ್ದ ಪೆನ್ನು ಸಿಕ್ಕಿದರೂ ಮನೆಮನೆ ಬಾಗಿಲು ತಟ್ಟಿ ಯಾರದೆಂದು ಕೇಳುವ ಹೆಂಗಸು.

"ಮೂವತ್ತಾರು ವರ್ಷ ಪರೀಕ್ಷೆ ಕೋಣೆ ಸುತ್ತಿದೀನಿ," ಎಂದಳು. "ತೋಳಿನೊಳಗೆ ಬರ್ಕೊಂಡು ಬಂದೋರು, ಬೂಟಿನೊಳಗೆ ಮಡಚಿಟ್ಟೋರು, ಒಂದು ರಬ್ಬರಿನ ಮೇಲೆ ಇಡೀ ಭೂಗೋಳ ಇಳಿಸಿದೋರು, ಎಲ್ಲರನ್ನೂ ಹಿಡಿದಿದೀನಿ. ಹಿಡಿದಾಗೆಲ್ಲ ಒಳಗೊಳಗೇ ಏನನ್ನಿಸ್ತಿತ್ತು ಗೊತ್ತಾ? ನಾನಾಗಿದ್ರೆ ಇದನ್ನ ಇನ್ನೂ ಚೆನ್ನಾಗಿ ಮಾಡ್ತಿದ್ದೆ ಅಂತ."

ಹೀಗೆ ನೇಮಕಾತಿ ಆಯಿತು. ಕಂಪನಿಗಳವರಿಗೆ ನಾವು ಹೇಳಿದ್ದು ಇಷ್ಟೇ. ತಲಾ ಮೂರು ದಿನ ನಿಮ್ಮ ಯಂತ್ರ ನಮ್ಮ ಗೇಟಿನಲ್ಲಿರಲಿ, ನಮ್ಮ ಕಡೆಯ ಪರೀಕ್ಷಕರೊಬ್ಬರು ನೋಡುತ್ತಾರೆ. ಪರೀಕ್ಷಕರು ಯಾರೆಂದು ಹೇಳಲಿಲ್ಲ. ಇಬ್ಬರೂ ಯಾರೋ ಎಂಜಿನಿಯರ್ ಬರುತ್ತಾನೆಂದು ಕಾದರು. ಹಳೆಯ ಹಸಿರು ಕಾರಿನಲ್ಲಿ ಬಂದ ಅಜ್ಜಿಗೆ ದಾರಿ ಬಿಟ್ಟು, ಎಂಜಿನಿಯರನ್ನು ಹುಡುಕಿದರು.

ಮೊದಲು ಬಂದದ್ದು ಟೈ.

"ಮೇಡಂ, ಈ ಕ್ಯಾಮೆರಾಗೆ ಮಂಕುಬೂದಿ ಎರಚೋನು ಇನ್ನೂ ಹುಟ್ಟಿಲ್ಲ," ಎಂದು ಅಕ್ಕನಿಗೆ ಹೇಳಿ, ತನ್ನ ಬೂದು ಬಣ್ಣದ ಕಾರನ್ನು ಕೆಳ ಅಂತಸ್ತಿನಲ್ಲಿ ನಿಲ್ಲಿಸಿದ. ತನ್ನ ನಂಬರಿಗೆ ಶುಲ್ಕ ಬೇಡವೆಂದು ಯಂತ್ರಕ್ಕೆ ಮೊದಲೇ ಹೇಳಿಟ್ಟಿದ್ದ.

ಮೊದಲ ದಿನ ಅಮ್ಮ ನಂಬರಿಗೆ ಕೆಸರು ಬಳಿದು ನೋಡಿದಳು. ಅಡ್ಡಪಟ್ಟಿ ಏಳಲಿಲ್ಲ. ಟೈ ಓಡಿಬಂದು ಕರ್ಚೀಫಿನಿಂದ ಕೆಸರು ಒರೆಸಿ, "ಅಜ್ಜಿ, ಗಾಡಿ ಆಗಾಗ ತೊಳೀಬೇಕು," ಎಂದು ಬುದ್ಧಿ ಹೇಳಿದ. ಅಮ್ಮ "ಆಯ್ತಪ್ಪ" ಎಂದು ತಲೆಯಾಡಿಸಿ ಮನೆಗೆ ಬಂದಳು. ಮಾರನೆಯ ದಿನ ಅಂಗಡಿಯಿಂದ ಬಿಳಿ ರಟ್ಟು, ಕಪ್ಪು ಬಣ್ಣ, ಸ್ಕೇಲು ತಂದಳು.

ಅಮ್ಮನ ಅಂಕಿಗಳನ್ನು ನೀವು ನೋಡಬೇಕು. ಮೂವತ್ತಾರು ವರ್ಷ ಬೋರ್ಡಿನ ಮೇಲೆ ಪಳಗಿದ ಕೈ. ಅವಳು ಬರೆದ ಎಂಟು, ಅಚ್ಚಿನ ಎಂಟಿಗಿಂತ ದುಂಡು. ಮೂರನೆಯ ದಿನ ಸಂಜೆ ಐದಕ್ಕೆ, ಎರಡನೆಯ ಅಂತಸ್ತಿನ ಕಂಬದ ಮರೆಯಲ್ಲಿ ನಿಂತು, ಆ ರಟ್ಟನ್ನು ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ತನ್ನ ನಂಬರಿನ ಮೇಲೆ ಸಿಕ್ಕಿಸಿ, ಹೊರದಾರಿಗೆ ಬಂದಳು. ಕ್ಯಾಮೆರಾ ಓದಿತು. 'ಧನ್ಯವಾದ, ಶುಲ್ಕವಿಲ್ಲ' ಎಂದು ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಅಡ್ಡಪಟ್ಟಿ ಎದ್ದಿತು. ಅಮ್ಮ ಬೂತಣ್ಣನಿಗೆ ಕೈಬೀಸಿ ಹೊರಟಳು. ಗೇಟು ದಾಟಿದ ಮೇಲೆ, ರಸ್ತೆ ಸೇರುವ ಮೊದಲು, ಕಾರಿನಿಂದ ಇಳಿದು ರಟ್ಟು ತೆಗೆದಿಟ್ಟುಕೊಳ್ಳಲು ಮರೆಯಲಿಲ್ಲ. ಎಷ್ಟೆಂದರೂ ಪ್ರಾಮಾಣಿಕ ಜೀವ.

ಅರ್ಧ ಗಂಟೆಯಾದ ಮೇಲೆ ಟೈ ತನ್ನ ಬೂದು ಕಾರಿನಲ್ಲಿ ಬಂದ. ಪರದೆಯ ಮೇಲೆ ಕೆಂಪು ಅಕ್ಷರ: 'ಈ ವಾಹನ ಒಳಗೆ ಇಲ್ಲ.'

ಅವನು ಹಾರನ್ ಬಾರಿಸಿದ. ಅಕ್ಷರ ಬದಲಾಗಲಿಲ್ಲ. ಇಳಿದು ಬಂದು ಕ್ಯಾಮೆರಾದ ಎದುರು ನಿಂತು, "ಅರೆ, ನಾನು ಇಲ್ಲೇ ಇದೀನಲ್ಲ!" ಎಂದ. ಹಿಂದೆ ಆರು ಕಾರು ನಿಂತವು. ಬೂತಣ್ಣ ಕಿಟಕಿಯಿಂದ ತಲೆ ಹೊರಹಾಕಿದರು.

"ಮಿಷನ್ನು ಇಲ್ಲ ಅಂತಿದೆಯಲ್ಲ ಸಾರ್. ಇನ್ನೊಂದ್ಸಲ ಸರಿಯಾಗಿ ಯೋಚ್ನೆ ಮಾಡಿ. ಬಂದಿದ್ರಾ?"

ಅಕ್ಕ ಕಚೇರಿಯ ಕಿಟಕಿಯಲ್ಲಿ ನಿಂತು ಇದನ್ನೆಲ್ಲ ನೋಡಿದಳು. ಇಂಗು ತಿಂದ ಮಂಗನ ಮುಖವೆಂದರೆ ಹೇಗಿರುತ್ತದೆಂದು ನಾನು ಅಂದೇ ಹತ್ತಿರದಿಂದ ಕಂಡದ್ದು. ನಗು ತಡೆಯಲಾಗದೆ ಮೆಟ್ಟಿಲ ಕಡೆ ಹೋದೆ.

ಇಷ್ಟೆಲ್ಲ ನಡೆಯುವಾಗ ನಮ್ಮನ್ನು ಕೊರೆಯುತ್ತಿದ್ದದ್ದು ಬೂತಣ್ಣನ ವಿಚಾರ. ಯಂತ್ರ ಬಂದರೆ ಅವರ ಗತಿಯೇನು? ಇಪ್ಪತ್ಮೂರು ವರ್ಷ ಅನ್ನ ಕೊಟ್ಟ ಕುರ್ಚಿ. ಅವರ ಎದುರು ಕೆಲಸದ ಮಾತೆತ್ತಲು ನಾವಿಬ್ಬರೂ ಹಿಂಜರಿದು, ನೀನು ಹೇಳು ನೀನು ಹೇಳು ಎಂದು ತಿಂಗಳು ಕಳೆದಿದ್ದೆವು. ಕೊನೆಗೆ ಅಕ್ಕ ಎರಡು ಲೋಟ ಚಹಾ ಹಿಡಿದು ಬೂತಿಗೆ ಹೋದಳು, ನಾನು ಹಿಂದೆ.

"ಬೂತಣ್ಣ, ಮನಸ್ಸಿಗೆ ಬೇಜಾರಾಗಿದ್ರೆ ಹೇಳ್ಬಿಡಿ."

"ಆಗಿದೆ ಅಮ್ಮಾವ್ರೇ." ಅವರು ಚಹಾ ಮುಟ್ಟಲಿಲ್ಲ. "ಇಷ್ಟು ತಡ ಮಾಡ್ತಿದ್ದೀರಲ್ಲ ಅಂತ ಬಹಳ ಬೇಜಾರಾಗಿದೆ."

"ಅಂದ್ರೆ?"

"ನೋಡಿ, ನೀವು ಹೆಣ್ಮಕ್ಕಳು, ಹೇಳ್ಬಾರ್ದು. ಇಪ್ಪತ್ಮೂರು ವರ್ಷದಲ್ಲಿ ಒಂದೇ ಒಂದು ದಿನ ನಾನು ಅವಸರ ಬಂದಾಗ ಎದ್ದು ಹೋಗಿದ್ದಿಲ್ಲ. ಎರಡು ಕಾರಿನ ಮಧ್ಯೆ ಸಂದು ಸಿಗಬೇಕು. ಸಂದು ಸಿಕ್ಕಾಗ ಬರಲ್ಲ, ಬಂದಾಗ ಸಂದಿಲ್ಲ. ಈ ಚಹಾ ಯಾಕೆ ಕುಡೀತಿಲ್ಲ ಅಂದ್ಕೊಂಡ್ರಿ? ಕ್ಯಾಮೆರಾ ಆಗ್ಲಿ, ಚೀಟಿ ಆಗ್ಲಿ, ಕೋತಿ ತಂದು ಕೂರಿಸಿದ್ರೂ ಸರಿ, ಬೇಗ ಕೂರಿಸಿ."

ಬೂತಿನಲ್ಲಲ್ಲದೆ ಕಚೇರಿಯಲ್ಲಿ ಅವರಿಗೊಂದು ಕೆಲಸ ಕೊಡುವುದೆಂದು ಅಲ್ಲಿಯೇ ಮಾತಾಯಿತು. ಕುರ್ಚಿ ಎಲ್ಲಿ ಹಾಕಬೇಕೆಂದು ಅವರೇ ತೋರಿಸಿದರು. ಶೌಚಾಲಯದ ಪಕ್ಕ.

ಮುಂದಿನ ವಾರ ಕ್ಯಾಟಲಾಗಿನವನ ಸರದಿ. ಟೈಗೆ ಆದದ್ದು ಹೇಗೋ ಅವನ ಕಿವಿಗೆ ಬಿದ್ದಿತ್ತು.

"ನೋಡಿ ಮೇಡಂ, ನಂದು ಕಣ್ಣಿನ ಮೇಲೆ ನಂಬಿಕೆ ಇಟ್ಟಿಲ್ಲ," ಎಂದು ನನಗೆ ವಿವರಿಸಿದ. "ರಸ್ತೆ ಕೆಳಗೆ ತಂತಿ ಸುರುಳಿ ಇದೆ. ಮೇಲೆ ಕಬ್ಬಿಣ ಬಂದು ನಿಂತ್ರೆ ಮಾತ್ರ ಗುಂಡಿ ಕೆಲಸ ಮಾಡುತ್ತೆ. ನಡ್ಕೊಂಡು ಬಂದು ಒತ್ತಿದ್ರೆ ಚೀಟಿ ಬರಲ್ಲ. ಕಾರೇ ಬರ್ಬೇಕು."

"ಚಾಪೆ ಕೆಳಗೆ ತೂರೋರು ಇರ್ತಾರಲ್ಲ," ಎಂದೆ.

"ಅವರು ತೂರ್ಲಿ. ನಾವು ರಂಗೋಲಿ ಕೆಳಗೆ ತೂರ್ತೀವಿ."

ಅಮ್ಮನಿಗೆ ಬೆಳಗಿನ ವಾಕಿಂಗಿನ ಜೊತೆಗಾತಿಯೊಬ್ಬಳಿದ್ದಾಳೆ. ನಿವೃತ್ತ ನರ್ಸು, ಬೀದಿಯವರೆಲ್ಲ ಅವಳನ್ನು ಸೂಜಿಯಮ್ಮ ಎನ್ನುತ್ತಾರೆ. ಇಬ್ಬರೂ ಅಂದು ಬೆಳಿಗ್ಗೆ ಒಂಬತ್ತಕ್ಕೆ ಕಾರು ಒಳಗಿಟ್ಟು, ಪೇಟೆಯೆಲ್ಲ ತಿರುಗಿ, ಸಂಜೆ ನಾಲ್ಕಕ್ಕೆ ಪಕ್ಕದ ದಿನಸಿ ಅಂಗಡಿಯಿಂದ ಕಬ್ಬಿಣದ ತಳ್ಳುಗಾಡಿಯೊಂದನ್ನು ಕೇಳಿ ತಂದರು. ತಂದು ಒಳದಾರಿಯ ಸಾಲಿನಲ್ಲಿ ನಿಂತರು. ಮುಂದೊಂದು ಕಾರು, ಹಿಂದೊಂದು ಕಾರು, ನಡುವೆ ಇಬ್ಬರು ಮುದುಕಿಯರು ಮತ್ತು ತಳ್ಳುಗಾಡಿ. ಸಾಲು ಮುಂದೆ ಸರಿದಾಗ ಇವರೂ ಸರಿದರು. ತಿರುವಿನಲ್ಲಿ ಅಮ್ಮ ಬಲಗೈ ಚಾಚಿ ಸಿಗ್ನಲ್ ಕೊಟ್ಟಳು. ಹಿಂದಿನ ಕಾರಿನ ವಕೀಲರು ಹಾರನ್ ಬಾರಿಸಿದರೆ ಸೂಜಿಯಮ್ಮ ತಿರುಗಿ, "ಏನಪ್ಪ ಅವಸರ, ನಾವೂ ಸಾಲಲ್ಲೇ ಬಂದಿರೋದು," ಎಂದು ಗದರಿಸಿದಳು.

ತಳ್ಳುಗಾಡಿ ಸುರುಳಿಯ ಮೇಲೆ ನಿಂತಿತು. ಅಮ್ಮ ಗುಂಡಿ ಒತ್ತಿದಳು. 'ಸ್ವಾಗತ' ಎಂದಿತು ಯಂತ್ರ. ಹೊಚ್ಚ ಹೊಸ ಚೀಟಿ, ಸಂಜೆ ನಾಲ್ಕು ಗಂಟೆ ಎರಡು ನಿಮಿಷದ್ದು. ಮೊದಲ ಹದಿನೈದು ನಿಮಿಷ ಉಚಿತ. ಬೆಳಗಿನಿಂದ ನಿಂತಿದ್ದ ಕಾರು ನಾಲ್ಕೂ ಹತ್ತಕ್ಕೆ ಪುಕ್ಕಟೆಯಾಗಿ ಹೊರಬಂತು.

ಕ್ಯಾಟಲಾಗಿನವನು ಒಪ್ಪಲಿಲ್ಲ. "ಇದು ಯಂತ್ರದ ತಪ್ಪಲ್ಲ ಮೇಡಂ. ತಳ್ಳುಗಾಡಿ ತಗೊಂಡು ಕ್ಯೂನಲ್ಲಿ ನಿಲ್ಲೋ ಗಿರಾಕಿ ಲೋಕದಲ್ಲಿ ಎಲ್ಲೂ ಇರಲ್ಲ."

"ಇದೀವಲ್ಲ," ಎಂದರು ಅಮ್ಮ ಮತ್ತು ಸೂಜಿಯಮ್ಮ, ಒಟ್ಟಿಗೆ.

ಈಗ ಮುಖ ಬಾಡಿದ್ದು ನನ್ನದು. ಅಕ್ಕ ಎರಡು ದಿನ ನನ್ನನ್ನು ಕಂಡಾಗೆಲ್ಲ ಬಲಗೈ ಚಾಚಿ ಸಿಗ್ನಲ್ ಕೊಟ್ಟಳು.

ನಗರಸಭೆಯ ಗಡುವಿಗೆ ಮೂರೇ ವಾರ ಉಳಿದಿದ್ದಾಗ ಮೂರನೆಯ ಕಂಪನಿಯೊಂದರ ಹೆಂಗಸು ಬಂದಳು. ಮೂವತ್ತೈದರ ಆಸುಪಾಸು, ಸ್ಕೂಟರಿನಲ್ಲಿ ಬಂದವಳು, ಕಂಕುಳಲ್ಲಿ ಹೆಲ್ಮೆಟ್ಟು. ಕಂಪನಿಯೆಂದರೆ ಒಟ್ಟು ಮೂರು ಜನ, ಅದರಲ್ಲಿ ಒಬ್ಬ ಅವಳ ತಮ್ಮ. ಅವಳ ಯಂತ್ರಕ್ಕೆ ಕ್ಯಾಮೆರಾವೂ ಇತ್ತು, ಸುರುಳಿಯೂ ಇತ್ತು, ಚೀಟಿಯೂ ಇತ್ತು. ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಗೇಟು ತೆರೆಯುತ್ತಿತ್ತು. ಸಿಕ್ಕಿಹಾಕಿಕೊಂಡವರಿಗೆಂದು ಒಂದು ಸಹಾಯದ ಗುಂಡಿ. ಒತ್ತಿದರೆ ಆ ಮೂರು ದಿನವೂ ಅವಳೇ ಕಚೇರಿಯಿಂದ ಮಾತಾಡುತ್ತಿದ್ದಳು.

"ಇದಕ್ಕೆ ಮೋಸ ಮಾಡೋಕಾಗುತ್ತಾ?" ಎಂದು ಅಕ್ಕ ಕೇಳಿದಳು.

"ಆಗುತ್ತೆ ಅಕ್ಕ," ಎಂದಳು ಹೆಲ್ಮೆಟ್ಟಿನವಳು. "ಹೆಂಗೆ ಅಂತ ಗೊತ್ತಿಲ್ಲ. ಗೊತ್ತಾದ್ರೆ ನಂಗೂ ಹೇಳಿ."

ಅಮ್ಮ ಮೊದಲ ದಿನ ರಟ್ಟು ಹಾಕಿಕೊಂಡು ಬಂದಳು. ಚೀಟಿಯಲ್ಲಿದ್ದ ನಂಬರೇ ಬೇರೆ, ಅಡ್ಡಪಟ್ಟಿ ಅಲುಗಲಿಲ್ಲ. ಎರಡನೆಯ ದಿನ ತಳ್ಳುಗಾಡಿ. ತಳ್ಳುಗಾಡಿಗೆ ನಂಬರಿಲ್ಲ, ಗುಂಡಿ ಒತ್ತಿ ಒತ್ತಿ ಬೆರಳು ನೊಂದಿತು. ತಳ್ಳುಗಾಡಿಗೇ ರಟ್ಟು ಕಟ್ಟಿಕೊಂಡು ಬಂದರೆ, 'ದಯವಿಟ್ಟು ವಾಹನದಲ್ಲಿ ಬನ್ನಿ' ಎಂದಿತು ಯಂತ್ರ. ಅಂದು ಅಮ್ಮ ಮನೆಗೆ ಬಂದು ಅರ್ಧ ಊಟಕ್ಕೇ ಕೈತೊಳೆದಳು.

"ಹೋಗ್ಲಿ ಬಿಡಮ್ಮ," ಎಂದೆ. "ಒಳ್ಳೇದೇ ಆಯ್ತಲ್ಲ. ಇದನ್ನೇ ತಗೊಳ್ಳೋಣ."

"ನೀನು ಸುಮ್ನಿರು. ಇನ್ನೂ ಒಂದು ದಿನ ಇದೆ," ಎಂದು ನನ್ನನ್ನೇ ಗದರಿದಳು. ಗೇಟು ಗೆಲ್ಲಬೇಕೆಂದು ಬಯಸಬೇಕಾದವಳು, ಗೆದ್ದೀತೆಂದು ಹೊಟ್ಟೆ ಉರಿದುಕೊಳ್ಳುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಅಮ್ಮ ಹೊರದಾರಿಗೆ ಬಂದು, ಚೀಟಿಯನ್ನು ಬ್ಲೌಸಿನೊಳಗೆ ಸಿಕ್ಕಿಸಿ, ಸಹಾಯದ ಗುಂಡಿ ಒತ್ತಿದಳು. ಕಚೇರಿಯಲ್ಲಿ ಹೆಲ್ಮೆಟ್ಟಿನವಳ ಪಕ್ಕದಲ್ಲೇ ನಾನೂ ಕೂತಿದ್ದೆ.

"ಮಗಳೇ..." ಸ್ಪೀಕರಿನಲ್ಲಿ ಬಂದ ಆ ದನಿ ನನ್ನಮ್ಮನದೆಂದು ನನಗೇ ಗುರುತು ಸಿಗಲಿಲ್ಲ. ಅಷ್ಟು ನಡುಗುತ್ತಿತ್ತು. "ಪಕ್ಕದ ಆಸ್ಪತ್ರೆಲಿ ಕಣ್ಣಿಗೆ ಹನಿ ಹಾಕಿದಾರಮ್ಮ. ಎಲ್ಲಾ ಮಂಜು ಮಂಜು. ಚೀಟಿ ಎಲ್ಲೋ ಬಿದ್ದೋಯ್ತು. ಹಿಂದೆ ಎಲ್ಲರೂ ಬೈತಿದಾರೆ..."

"ಅಯ್ಯೋ ಗಾಬರಿ ಆಗ್ಬೇಡಿ ಅಮ್ಮ, ತೆಗ್ದೆ, ತೆಗ್ದೆ." ಹೆಲ್ಮೆಟ್ಟಿನವಳು ಗುಂಡಿ ಒತ್ತಿದಳು. ಅಡ್ಡಪಟ್ಟಿ ಎದ್ದಿತು. ಹಸಿರು ಕಾರು ಹೊರಗೆ ಹೋಯಿತು.

ಎರಡು ಸೆಕೆಂಡು ಕಳೆಯಿತು. ಹೆಲ್ಮೆಟ್ಟಿನವಳ ಮುಖ ಬಿಳಿಚಿಕೊಂಡಿತು.

"ಅಲ್ಲಾ, ಕಣ್ಣು ಕಾಣ್ತಿಲ್ಲ ಅಂದ್ರು. ಮತ್ತೆ ಗಾಡಿ ಓಡಿಸ್ತಿರೋದು ಯಾರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಮೆಟ್ಟಿಲಿಳಿದಾಗಿತ್ತು. ಹೆಲ್ಮೆಟ್ಟನ್ನು ಗಾಳಿಯಲ್ಲಿ ಬೀಸುತ್ತ, "ಅಮ್ಮಾ ನಿಲ್ಲಿ! ಓಡಿಸ್ಬೇಡಿ! ನಾನು ಮನೆಗೆ ಬಿಡ್ತೀನಿ, ನಿಲ್ಲಿ!" ಎಂದು ಕೂಗುತ್ತ ರಸ್ತೆಯವರೆಗೂ ಓಡಿದಳು. ಒಂದು ಚಪ್ಪಲಿ ಗೇಟಿನ ಬಳಿಯೇ ಉಳಿಯಿತು. ಅಮ್ಮ ಕನ್ನಡಿಯಲ್ಲಿ ಇದನ್ನು ಕಂಡು ಗಾಬರಿಯಾಗಿ ಬದಿಗೆ ನಿಲ್ಲಿಸಿದಳು. ಓಡಿಬಂದವಳು ಬಾಗಿಲು ತೆಗೆದು ಕಾರಿನ ಕೀ ಕಿತ್ತುಕೊಂಡು, ಏದುಸಿರು ಬಿಡುತ್ತ, "ಎಷ್ಟು ಬೆರಳು?" ಎಂದು ಕೈ ತೋರಿಸಿದಳಂತೆ.

"ಮೂರು," ಎಂದಳಂತೆ ಅಮ್ಮ. ಆಮೇಲೆ ಬ್ಲೌಸಿನಿಂದ ಚೀಟಿ ತೆಗೆದು ಕೊಟ್ಟು, "ನಾನೇ ಕಣಮ್ಮ ಪರೀಕ್ಷಕಿ," ಎಂದಳಂತೆ. ಹಾಗೆನ್ನುವಾಗ ಅವಳಿಗೆ ಗೆದ್ದ ಖುಷಿಯೇ ಆಗಲಿಲ್ಲವಂತೆ. ಮೂವತ್ತಾರು ವರ್ಷದಲ್ಲಿ ಅವಳು ಹಿಡಿದ ಹುಡುಗರ ಮುಖವೆಲ್ಲ ಒಟ್ಟಿಗೆ ನೆನಪಾಯಿತಂತೆ. ಇದನ್ನು ಅವಳು ನಮಗೆ ಹೇಳಿದ್ದು ವಾರದ ಮೇಲೆ, ಅದೂ ಬೆನ್ನು ತಿರುಗಿಸಿ ಪಾತ್ರೆ ಜೋಡಿಸುತ್ತ.

ಅಕ್ಕನೂ ನಾನೂ ಓಡಿ ತಲುಪುವಾಗ ಅವರಿಬ್ಬರೂ ರಸ್ತೆಬದಿಯ ಕಟ್ಟೆಯ ಮೇಲೆ ಕೂತಿದ್ದರು. ಹೆಲ್ಮೆಟ್ಟಿನವಳು ಸಿಟ್ಟಾಗಿರಬಹುದೆಂದು ನಾನು ಹೆದರಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಕ್ಕು ಮುಗಿಸಿ, ಚೀಲದಿಂದ ಒಂದು ನೋಟುಪುಸ್ತಕ ತೆಗೆದಳು.

"ಸರಿ ಅಮ್ಮ. ಹೇಳಿ. ಇನ್ನೇನೇನು ಮಾಡಿ ನೋಡಿದ್ರಿ? ಒಂದೂ ಬಿಡ್ಬೇಡಿ."

ಅಮ್ಮ ಹೇಳಿದಳು. ಎರಡು ಗಂಟೆ ಹೇಳಿದಳು. ಬಿಸಿಲು ಸರಿದು ನೆರಳು ಬಂತು, ಅವರು ಏಳಲಿಲ್ಲ. ನಡುನಡುವೆ ಅಮ್ಮ ಪೆನ್ನು ಕಸಿದುಕೊಂಡು ಚಿತ್ರ ಬರೆದು ತೋರಿಸುತ್ತಿದ್ದಳು. ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ನಮ್ಮಿಬ್ಬರದೂ ಒಂದೇ ಅಭಿಪ್ರಾಯವಾಗಿತ್ತು. ಯಂತ್ರದಲ್ಲಿ ತೂತಿತ್ತು, ನಿಜ. ಉಳಿದಿಬ್ಬರು ತೂತೇ ಇಲ್ಲವೆಂದು ವಾದಿಸಿದರು. ಇವಳು ಎಲ್ಲಿ ಎಂದು ಕೇಳಿದಳು.

ಗಡುವಿಗೆ ನಾಲ್ಕು ದಿನ ಮೊದಲೇ ಗೇಟು ನಿಂತಿತು. ಈಗ ಕಾರೊಂದಕ್ಕೆ ಒಂಬತ್ತು ಸೆಕೆಂಡು. ಸಹಾಯದ ಗುಂಡಿ ಒತ್ತಿದರೆ ಮಾತಾಡುವವರು ಬೂತಣ್ಣ, ಕಾಲು ಚಾಚಿಕೊಂಡು, ಪಕ್ಕದಲ್ಲಿ ಚಹಾ ಇಟ್ಟುಕೊಂಡು. ದನಿ ಕೇಳಿದರೆ ಸಾಕು, ಸುಳ್ಳು ಯಾವುದು ನಿಜ ಯಾವುದು ಎಂದು ಅವರಿಗೆ ತಿಳಿಯುತ್ತದೆ. ಅಮ್ಮ ಅವರ ಮೇಲೂ ಒಮ್ಮೆ ಕಣ್ಣಿನ ಹನಿಯ ಪ್ರಯೋಗ ಮಾಡಿದಳು. "ಮೇಡಮ್ಮೋರೇ, ಊಟ ಆಯ್ತಾ?" ಎಂದಿತು ಸ್ಪೀಕರು.

ನಾವು ಎಣಿಸದೇ ಇದ್ದದ್ದು ಮುಂದಿನದು. ಹೆಲ್ಮೆಟ್ಟಿನವಳು ಅಮ್ಮನನ್ನು ಕೆಲಸಕ್ಕೆ ಕೇಳಿದಳು. ಬೇರೆ ಊರುಗಳಲ್ಲಿ ಅವಳು ಹಾಕುವ ಗೇಟುಗಳಿಗೆ ಮೊದಲು ಅಮ್ಮ ಕನ್ನ ಹಾಕಬೇಕು, ಆಮೇಲೆ ಅವು ಗಿರಾಕಿಗಳ ಕೈಗೆ. ಅಮ್ಮ ಎರಡು ಷರತ್ತು ಹಾಕಿದಳು. ಒಂದು, ಸೂಜಿಯಮ್ಮನೂ ಬರಬೇಕು. ಎರಡು, ತಾವು ಯಾರೆಂದು ಅಲ್ಲಿಯವರಿಗೆ ಯಾರೂ ಮೊದಲೇ ಹೇಳಕೂಡದು, ಫೋನ್ ಮಾಡಿ ಕೇಳಿದರೂ ಹೇಳಕೂಡದು. ಈಗ ವಾರಕ್ಕೆರಡು ದಿನ ಇಬ್ಬರೂ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಮೊಮ್ಮಕ್ಕಳ ಶಾಲೆಯ ಅರ್ಜಿಯಲ್ಲಿ ಅಜ್ಜಿಯ ಉದ್ಯೋಗ ಎಂಬಲ್ಲಿ ಏನು ಬರೆಯಬೇಕೆಂದು ಅಕ್ಕ ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾಳೆ.

ಹೋದ ತಿಂಗಳು ಒಂದು ಮಧ್ಯಾಹ್ನ ಕಚೇರಿಗೆ ಫೋನ್ ಬಂತು. ಅಕ್ಕ ಎತ್ತಿದಳು. ಆ ಕಡೆ ಯಾರೋ ದೊಡ್ಡ ಅಂಗಡಿ ಸಂಕೀರ್ಣದ ಕಾವಲುಗಾರ. ಏರುದನಿ, ನನಗೂ ಕೇಳುತ್ತಿತ್ತು.

"ಮೇಡಂ, ಇಲ್ಲಿ ಇಬ್ಬರು ಅಜ್ಜಿಯರನ್ನ ಹಿಡಿದಿದೀವಿ. ಒಬ್ಬರು ಗೇಟಿನ ಕೆಳಗೆ ಮಲಗಿ ತೂರ್ತಿದ್ರು, ಇನ್ನೊಬ್ಬರು ಹಾರೆ ಹಿಡ್ಕೊಂಡಿದ್ರು. ಒಬ್ಬರ ಚೀಲದಲ್ಲಿ ನಿಮ್ಮ ನಂಬರ್ ಸಿಕ್ತು. ನಿಮ್ಮ ಕಡೆಯವರಾ?"

ಅಕ್ಕ ಒಂದು ಕ್ಷಣ ನನ್ನ ಕಡೆ ನೋಡಿದಳು. ಷರತ್ತು ಷರತ್ತೇ.

"ನಮಗೆ ಗೊತ್ತಿಲ್ಲಪ್ಪ," ಎಂದಳು. "ನೋಡೋಕೆ ಪಾಪದೋರ ಥರ ಕಾಣ್ತಾರಾ? ಹಂಗಾದ್ರೆ ಬಿಡ್ಬೇಡಿ, ಪಕ್ಕಾ ಕಳ್ಳರು."

ಫೋನಿಟ್ಟು ನಾವಿಬ್ಬರೂ ಮೇಜಿನ ಮೇಲೆ ತಲೆಯಿಟ್ಟು ನಕ್ಕೆವು. ಬೂತಣ್ಣ ಏನಾಯಿತೆಂದು ಎದ್ದು ಬಂದು, ಕೇಳಿ, ತಾವೂ ನಕ್ಕರು. ನಗು ಆರಿದ ಮೇಲೆ ಹೆದರಿಕೆ ಶುರುವಾಗಿ ಇಬ್ಬರೂ ಕಾರು ಹತ್ತಿದೆವು. ಒಂದೂವರೆ ಗಂಟೆಯ ದಾರಿ. ದಾರಿಯುದ್ದಕ್ಕೂ ಪೊಲೀಸರು, ಠಾಣೆ, ಅಮ್ಮನ ರಕ್ತದೊತ್ತಡದ ಮಾತ್ರೆ, ಹೀಗೇ ಏನೇನೋ ಕಲ್ಪಿಸಿಕೊಂಡೆವು.

ಅಲ್ಲಿ ಕಾವಲುಗಾರರ ಕೋಣೆಯ ಬಾಗಿಲು ತೆರೆದೇ ಇತ್ತು. ಸೂಜಿಯಮ್ಮ ಒಬ್ಬ ಕಾವಲುಗಾರನ ನಾಡಿ ಹಿಡಿದು ಗಡಿಯಾರ ನೋಡುತ್ತಿದ್ದಳು. ಮೂವರು ಕಾವಲುಗಾರರು ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದರು. ಅಮ್ಮ ಗೋಡೆಗೆ ಅಂಟಿಸಿದ್ದ ಕಟ್ಟಡದ ನಕಾಶೆಯ ಮುಂದೆ ನಿಂತು, ಬೆರಳಿಟ್ಟು, "ಇಲ್ಲಿಂದ ನಾನು ಬಂದ್ರೆ ನೀನು ಎಲ್ಲಿ ನಿಂತಿರ್ಬೇಕು? ಹಿಂದಿನ ಬೆಂಚು, ನೀನು ಹೇಳು," ಎನ್ನುತ್ತಿದ್ದಳು.

ಬಾಗಿಲಲ್ಲಿ ನಮ್ಮನ್ನು ಕಂಡು ಅಮ್ಮನ ಹುಬ್ಬು ಗಂಟಾಯಿತು.

"ಯಾಕ್ರೇ ಇಷ್ಟು ಬೇಗ ಬಂದ್ರಿ? ಹೊರಗೆ ಕೂತಿರಿ. ನನಗಿನ್ನೂ ಹಿಂದಿನ ಗೇಟು ಬಾಕಿ ಇದೆ."